ವ್ಯಾನ್ ಮಾರಿಸನ್ ಲೈವ್: ಯಾವ ಆಲ್ಬಂ ಮೊದಲು?

ಉತ್ತರ ಐರ್ಲೆಂಡಿನ ಗಾಯಕ ವ್ಯಾನ್ ಮಾರಿಸನ್‌ನ ಲೈವ್ ರೆಕಾರ್ಡ್ ಕೊಳ್ಳುವವರಿಗೆ ಮೊದಲ ಆಯ್ಕೆ 1974ರ ‘ಇಟ್ಸ್ ಟೂ ಲೇಟ್ ಟು ಸ್ಟಾಪ್ ನೌ’. ಇದರಲ್ಲಿ ನನಗೆ ಎರಡು ಮಾತಿಲ್ಲ. 1973ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್‌ನ ಟ್ರೂಬಡೋರ್, ಸಾಂತಾ ಮೋನಿಕಾ ಸಿವಿಕ್ ಆಡಿಟೋರಿಯಂ, ಲಂಡನ್ನಿನ ರೇನ್‌ಬೋ, ಹೀಗೆ ಮೂರು ಕಡೆ ರೆಕಾರ್ಡ್ ಆದ 18 ಹಾಡುಗಳು, ಎರಡು ಎಲ್‌ಪಿ (ವಿನೈಲ್ ತಟ್ಟೆ). ಆಮೇಲೆ ಸ್ಟುಡಿಯೋದಲ್ಲಿ ಏನನ್ನೂ ಸೇರಿಸಿಲ್ಲ. ಗಿಟಾರಿನಲ್ಲಿ ಒಂದು ಸ್ವರ ತಪ್ಪಿತೆಂದು ‘ಮೂನ್‌ಡ್ಯಾನ್ಸ್’ನಂಥ ಜನಪ್ರಿಯ ಹಾಡನ್ನೇ ಕೈಬಿಟ್ಟರು. ಆ ಒಂದು ಸ್ವರವನ್ನು ಮತ್ತೆ ನುಡಿಸಿ ಅಂಟಿಸುವುದು ಕಷ್ಟದ ಕೆಲಸವೇನಲ್ಲ. ಹಾಗೆ ಮಾಡಲಿಲ್ಲ ಅನ್ನುವುದಕ್ಕೇ ಈ ಆಲ್ಬಂ ಮೇಲೆ ಇಷ್ಟು ನಂಬಿಕೆ.

ಜೊತೆಗಿದ್ದ ಕ್ಯಾಲಿಡೋನಿಯಾ ಸೋಲ್ ಆರ್ಕೆಸ್ಟ್ರಾದಲ್ಲಿ 11 ಜನ. ಮೂರು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೋ, ಪಕ್ಕದಲ್ಲಿ ಸ್ಯಾಕ್ಸ್ ಮತ್ತು ಟ್ರಂಪೆಟ್. ಇಷ್ಟು ಜನ ಸೇರಿದರೆ ಗಾಯಕನ ದನಿ ಮುಳುಗಬೇಕು. ಇಲ್ಲಿ ಮುಳುಗುವುದಿಲ್ಲ, ಏಕೆಂದರೆ ಆತ ಪಿಸುಗುಟ್ಟಿದಾಗ ಇಡೀ ಮೇಳವೂ ತಗ್ಗುತ್ತದೆ. ಕೊನೆಯ ‘ಸೈಪ್ರಸ್ ಅವೆನ್ಯೂ’ ಕೇಳಿ. ನಾಲಿಗೆ ಕಟ್ಟಿಹೋಗುವ ಸಾಲು ಬಂದಾಗ ನಿಜಕ್ಕೂ ತೊದಲುತ್ತಾನೆ. ವಾದ್ಯಗಳು ಆ ತೊದಲಿನ ಲಯವನ್ನೇ ಹಿಡಿದು ಹೊಡೆಯುತ್ತವೆ. ಮುಂದೆ ಎಲ್ಲವೂ ನಿಂತು, ಸಭೆ ಕೂಗಾಡುತ್ತಿರುವಾಗ ಆಲ್ಬಮ್ಮಿನ ಹೆಸರನ್ನೇ ಅರಚಿ ಮುಗಿಸುತ್ತಾನೆ. 1968ರ ಸ್ಟುಡಿಯೋ ರೂಪದ ಸೌಮ್ಯ ಹಾಡು ಇದೇನಾ ಅನ್ನಿಸುತ್ತದೆ.

2016ರಲ್ಲಿ ಇದೇ ಪ್ರವಾಸದ 2, 3, 4ನೇ ಸಂಪುಟಗಳು ಮೂರು ಸಿಡಿ, ಒಂದು ಡಿವಿಡಿಯಾಗಿ ಬಂದವು. 1974ರ ಆಲ್ಬಮ್ಮಿನಲ್ಲಿದ್ದ ಟೇಕ್ (ಒಂದು ಸಲ ಹಾಡಿ ರೆಕಾರ್ಡ್ ಮಾಡಿದ್ದು) ಒಂದೂ ಇಲ್ಲಿ ಮರುಕಳಿಸಿಲ್ಲ. ಬಿಟ್ಟುಹೋಗಿದ್ದ ‘ಮೂನ್‌ಡ್ಯಾನ್ಸ್’ ಕೂಡ ಸಿಗುತ್ತದೆ. ಒಂದೊಂದು ಜಾಗಕ್ಕೆ ಒಂದೊಂದು ಸಿಡಿ. ಟ್ರೂಬಡೋರ್ ಸಣ್ಣ ಕ್ಲಬ್, ರೇನ್‌ಬೋ ದೊಡ್ಡ ಥಿಯೇಟರ್. ಹಾಡುಗಾರಿಕೆ ಜಾಗಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆಂದು ಕೇಳಲು ಇದೇ ಸರಿ. ತೊಡಕು ಒಂದೇ: ಅದೇ ಹಾಡುಗಳು ತಿರುತಿರುಗಿ ಬರುತ್ತವೆ, ಒಂದೇ ಸಮನೆ ಕೇಳಿದರೆ ಕಿವಿ ದಣಿಯುತ್ತದೆ. ದಿನಕ್ಕೊಂದು ಸಿಡಿ ಸಾಕು.

1994ರ ‘ಎ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೋ’ ಬೇರೆಯದೇ ಜಾಯಮಾನ. ಬ್ಲೂಸ್ ಗಾಯಕರಾದ ಜಾನ್ ಲೀ ಹೂಕರ್, ಜೂನಿಯರ್ ವೆಲ್ಸ್, ಜಿಮ್ಮಿ ವಿದರ್‌ಸ್ಪೂನ್ ಬಂದು ಹಾಡುತ್ತಾರೆ, ಆರ್ಗನ್ನಿಗೆ ಜಾರ್ಜಿ ಫೇಮ್. ಬ್ಲೂಸ್ ಪ್ರಿಯರಿಗೆ ಹಬ್ಬ. ಮಾರಿಸನ್‌ನ ದನಿಗಾಗಿಯೇ ಬಂದವರಿಗೆ ಮಾತ್ರ ಆತ ಆಗಾಗ ಹಿಂದೆ ಸರಿಯುವುದು ಕೊರತೆಯೆನಿಸುತ್ತದೆ. 1984ರ ಬೆಲ್‌ಫಾಸ್ಟ್ ಗ್ರ್ಯಾಂಡ್ ಆಪೆರಾ ಹೌಸ್ ರೆಕಾರ್ಡ್ ಆ ಹೊತ್ತಿನ ಹೊಸ ಹಾಡುಗಳತ್ತ ವಾಲಿದ್ದು. ಕೊನೆಗೆ ಕೊಂಡರೂ ನಡೆದೀತು.

ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಗೆ ಮುಂದಿನದನ್ನು ಬೆರೆಸುವ ಸೆಟ್ಟಿಂಗ್) ಆಫ್ ಮಾಡಿ, ಇಲ್ಲದಿದ್ದರೆ ಒಂದು ಹಾಡಿನ ಚಪ್ಪಾಳೆ ಮುಂದಿನ ಹಾಡಿನ ಮೊದಲ ಸ್ವರದ ಮೇಲೇ ಬೀಳುತ್ತದೆ. ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಶನ್ ‘ಲೌಡ್’ನಲ್ಲಿರುವುದೂ ಬೇಡ, ಪಿಸುಮಾತಿಗೂ ಕೂಗಿಗೂ ನಡುವಿನ ಅಂತರ ಕುಗ್ಗಬಹುದು.

1974ರ ಹಳೆಯ ಎಲ್‌ಪಿ ಸಿಕ್ಕರೆ ನಾಲ್ಕನೇ ಬದಿಯ ಕೊನೆಯನ್ನು ಹಾಕಿಸಿ ಕೇಳಿ, ಆಮೇಲೆ ದುಡ್ಡು ಕೊಡಿ. ಆ ಬದಿ ಸುಮಾರು 27 ನಿಮಿಷ ಉದ್ದ. ‘ಸೈಪ್ರಸ್ ಅವೆನ್ಯೂ’ ತಟ್ಟೆಯ ನಡುವಿಗೆ ಹತ್ತಿರದ, ಇಕ್ಕಟ್ಟಾದ ಗ್ರೂವ್‌ಗಳಲ್ಲಿ (ಸೂಜಿ ಓಡುವ ಗೀರುಗಳಲ್ಲಿ) ಇದೆ; ಸವೆದ ಸೂಜಿಯಲ್ಲಿ ನುಡಿಸಿದ ಪ್ರತಿಯಾದರೆ ಆ ಅರಚು ಅಲ್ಲೇ ಒಡೆದು ಕರಕರ ಅನ್ನುತ್ತದೆ.