ಎಲೆ ತುಂಡೋ, ಬಾಟಲಿ ನೀರೋ, ಗಡ್ಡೆಯ ಮರಿಯೋ: ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಬೆಳೆಸಿ ನೋಡಿದ್ದು

ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಬೇಕೆಂದರೆ ಗಡ್ಡೆ ಸಮೇತ ಇರುವ ಮರಿಯನ್ನೇ ತಗೊಳ್ಳಿ. ಎಲೆ ನೆಟ್ಟ ಅಗ್ಗದ ಕುಂಡಿ ಬೇಡ, ಬಾಟಲಿ ನೀರಿನಲ್ಲಿ ಬೇರು ಬಿಡಿಸುವ ಎಲೆಯೂ ಬೇಡ. ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಮೂರನ್ನೂ ಬೆಳೆಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಎಲೆ ಕುಂಡಿಗಳನ್ನು ಕೊಂಡಿದ್ದು ಗಾಡಿಯ ಮೇಲೆ ಗಿಡ ಮಾರುವವರ ಹತ್ತಿರ, ಒಂದಕ್ಕೆ 40 ರೂಪಾಯಿ. ಗೇಣುದ್ದದ ಒಂಟಿ ಎಲೆ, ಎರಡೂ ಬದಿಗೆ ಚೆಂದದ ಹಳದಿ ಅಂಚು. "ಮರಿನೂ ಹಿಂಗ ಬರ್ತಾವ್ರಿ" ಅಂದರು. ಬೇರು ಬಿಟ್ಟಿತು. ತಿಂಗಳುಗಟ್ಟಲೆ ಕಾದ ಮೇಲೆ ಮಣ್ಣು ಸೀಳಿಕೊಂಡು ಚೂಪಾದ ಮೊಳಕೆಯೂ ಬಂತು. ಸುರುಳಿ ಬಿಚ್ಚಿಕೊಂಡಾಗ ನೋಡಿದರೆ ಪೂರ್ತಿ ಹಸಿರು, ಹಳದಿಯ ಸುಳಿವೇ ಇಲ್ಲ. ಎರಡನೆಯ ಎಲೆಗಾದರೂ ಬಣ್ಣ ಹತ್ತೀತೆಂದು ಬೆಳಕಿನ ಕಡೆ ತಿರುಗಿಸಿಟ್ಟೆ. ಅದೂ ಹಸಿರೇ. ಪಕ್ಕದ ಕುಂಡಿಯದೂ ಅದೇ ಕಥೆ.

ಬೆಳಕು ಕಡಿಮೆಯಾಗಿ ಹೀಗಾಗುವುದಲ್ಲ, ಗೊಬ್ಬರ ಹಾಕಿದರೂ ಸರಿಹೋಗುವುದಿಲ್ಲ. ಈ ತಳಿಯ ಹೆಸರು ಲಾರೆಂಟಿ. ಇದರ ಎಲೆಯಲ್ಲಿ ಎರಡು ಬಗೆಯ ಜೀವಕೋಶಗಳು ಜೊತೆಯಾಗಿ ಬೆಳೆದಿರುತ್ತವೆ. ನಡುವಿನವು ಹಸಿರು, ಅಂಚಿನವಕ್ಕೆ ಹಸಿರು ಮಾಡಿಕೊಳ್ಳುವ ಶಕ್ತಿ ಇಲ್ಲ. ಎಲೆ ಕತ್ತರಿಸಿ ನೆಟ್ಟಾಗ ಹೊಸ ಮೊಳಕೆ ಹುಟ್ಟುವುದು ಆ ಹಸಿರು ಕೋಶಗಳಿಂದ. ಇಳಕಲ್ ಸೀರೆಯ ಒಡಲಿಂದ ತುಂಡು ಕತ್ತರಿಸಿಕೊಂಡರೆ ಅದಕ್ಕೆ ದಡಿ ಎಲ್ಲಿಂದ ಬರಬೇಕು? ಗಡ್ಡೆಯ ಮೇಲಿನ ಕುಡಿಯಲ್ಲಿ ಮಾತ್ರ ಎರಡೂ ಬಗೆಯ ಕೋಶಗಳು ಪದರ ಪದರವಾಗಿ ಉಳಿದಿರುತ್ತವೆ, ಹಾಗಾಗಿ ಅಲ್ಲಿಂದ ಎದ್ದ ಮರಿಗೆ ಅಂಚು ಬರುತ್ತದೆ. ಮಾರುವವರು ಇದನ್ನು ಬಾಯಿಬಿಟ್ಟು ಹೇಳಬೇಕು. ಜನ ದುಡ್ಡು ಕೊಡುವುದೇ ಆ ಅಂಚು ನೋಡಿ.

ಕೊಳ್ಳುವಾಗ ಮೇಲಿನ ಬಣ್ಣಕ್ಕಿಂತ ಬುಡ ನೋಡಿ. ಒಂದೇ ಎಲೆ ಮಣ್ಣಿಗೆ ಚುಚ್ಚಿದಂತಿದ್ದರೆ ಅದು ತುಂಡು. ಎರಡು ಮೂರು ಎಲೆಗಳು ಒಂದನ್ನೊಂದು ಅಪ್ಪಿಕೊಂಡು, ನಡುವೆ ಎಳೆ ಸುಳಿ ಕಾಣುತ್ತಿದ್ದರೆ ಅದು ಮರಿ. ಸಂಶಯ ಬಂದರೆ ಬುಡದ ಮಣ್ಣು ಬೆರಳಿಂದ ಕೆದರಿ, ಕಿತ್ತಳೆ ಛಾಯೆಯ ದಪ್ಪ ಗಡ್ಡೆ ಸಿಗಬೇಕು.

ಬಾಟಲಿ ನೀರಿನಲ್ಲಿಟ್ಟ ಎಲೆಗೂ ಇದೇ ಗತಿ, ಮರಿ ಹಸಿರೇ. ಬೇರು ಬಿಡುವುದನ್ನು ಗಾಜಿನಲ್ಲಿ ನೋಡುತ್ತ ಕೂರುವುದು ಮಕ್ಕಳಿಗೆ ಖುಷಿ, ಅಷ್ಟು ಮಾತ್ರ ನಿಜ. ನಮ್ಮ ಬೋರಿನ ಗಡಸು ನೀರಿಗೆ ಬಾಟಲಿ ತುಂಬ ಬಿಳಿ ಪಟ್ಟಿ ಕಟ್ಟುತ್ತದೆ. ಊರಿಗೆ ಹೋಗಿ ತಡವಾಗಿ ಬಂದರೆ ಎಲೆಯ ಬುಡ ಲೊಳಲೊಳ ಆಗಿ ನಾರುತ್ತದೆ. ವಾರ ವಾರ ತಪ್ಪದೆ ನೀರು ಬದಲಿಸುವವರಿಗೆ ಇದು ಸರಿ, ನಮ್ಮ ಮನೆಗೆ ಒಗ್ಗುವುದಿಲ್ಲ.

ಗಡ್ಡೆಯ ಮರಿ ಇದ್ದ ಕುಂಡಿಗೆ 180 ರೂಪಾಯಿ ಕೊಟ್ಟೆ. ದುಬಾರಿ ಅನ್ನಿಸಬಹುದು. ಆದರೆ ತಂದ ದಿನವೇ ಅದು ಗಿಡ, ಕಾಯುವ ಕೆಲಸವಿಲ್ಲ. ಅದೀಗ ಕುಂಡಿ ತುಂಬಿಕೊಂಡು ಮರಿ ಹಾಕಿದೆ, ಎಲ್ಲದಕ್ಕೂ ಹಳದಿ ಅಂಚು. ಬೇಸಿಗೆ ಇಳಿದು ಮೊದಲ ಮಳೆ ಬಂದ ಮೇಲೆ ಬೇರ್ಪಡಿಸಿದೆ. ಕುಂಡಿ ಬೋರಲು ಹಾಕಿ, ಮಣ್ಣು ಝಾಡಿಸಿ, ಮರಿಗೂ ತಾಯಿಗೂ ನಡುವಿನ ಗಡ್ಡೆಯನ್ನು ಹರಿತವಾದ ಚಾಕುವಿನಿಂದ ಕೊಯ್ದೆ. ಪ್ರತಿ ಮರಿಗೂ ಒಂದಿಷ್ಟು ಬೇರು ಇರುವಂತೆ ನೋಡಿಕೊಳ್ಳಬೇಕು. ಕೊಯ್ದ ಗಾಯ ನೆರಳಿನಲ್ಲಿ ಎರಡು ದಿನ ಒಣಗಲಿ, ಆಮೇಲೆ ನೆಡಿ. ನೆಟ್ಟ ಕೂಡಲೇ ನೀರು ಹಾಕಬೇಡಿ, ವಾರ ಬಿಡಿ.

ಎಲೆ ನೆಟ್ಟರೂ ಮರಿ ನೆಟ್ಟರೂ ಅನ್ವಯಿಸುವ ಮಾತು ಮಣ್ಣಿನದು. ಹೊಲದ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಪುಕ್ಕಟೆ ಸಿಗುತ್ತದೆಂದು ಕುಂಡಿಗೆ ತುಂಬಬೇಡಿ. ಅದು ನೀರು ಹಿಡಿದಿಟ್ಟು ಗಡ್ಡೆ ಕೊಳೆಸುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಮಸಾರಿ (ಕೆಂಪು) ಮಣ್ಣು ಅರ್ಧ, ದಪ್ಪ ಮರಳು ಇಲ್ಲವೇ ಸೋಸಿದ ಗರಸು ಅರ್ಧ, ಒಂದು ಹಿಡಿ ಕಾಂಪೋಸ್ಟ್, ತಳದಲ್ಲಿ ತೂತಿರುವ ಕುಂಬಾರರ ಕುಂಡಿ. ಈ ಗಿಡ ಎಲೆಯ ರಂಧ್ರಗಳನ್ನು ತೆರೆಯುವುದೇ ಹೆಚ್ಚಾಗಿ ರಾತ್ರಿ ಹೊತ್ತು, ಅದರಿಂದ ನೀರು ಬಹಳ ಕಡಿಮೆ ಆವಿಯಾಗುತ್ತದೆ. ನಮ್ಮ ಏಪ್ರಿಲ್-ಮೇ ಉರಿಯಲ್ಲೂ ಒಳಗಿಟ್ಟ ಕುಂಡಿಗೆ ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಕೊಟ್ಟರೆ ಸಾಕು.

ಬೆಕ್ಕು, ನಾಯಿ ಇದ್ದರೆ ಎತ್ತರದಲ್ಲಿಡಿ, ಎಲೆ ತಿಂದರೆ ವಾಂತಿ ಮಾಡಿಕೊಳ್ಳುತ್ತವೆ.

ಅಂಚಿಲ್ಲದ ಹಸಿರು ಪಟ್ಟೆಯ ತಳಿ ಸಾಕು ಅನ್ನುವವರು ಎಲೆಯನ್ನೇ ನೆಡಬಹುದು, ಅಲ್ಲಿ ಮರಿ ತಾಯಿಯಂತೆಯೇ ಬರುತ್ತದೆ. ಅದಕ್ಕೆ 40 ರೂಪಾಯಿಯೂ ಬೇಡ, ಪಕ್ಕದ ಮನೆಯವರ ಹತ್ತಿರ ಒಂದು ಎಲೆ ಕೇಳಿ. ನೆಡುವಾಗ ಬುಡದ ಕಡೆಯೇ ಕೆಳಗಿರಲಿ, ತಲೆಕೆಳಗಾದರೆ ಬೇರು ಬಿಡುವುದಿಲ್ಲ.