ಸೆಕೆಂಡ್ ಹ್ಯಾಂಡ್ ಡೈವಿಂಗ್ ಸೆಟ್: ರೆಗ್ಯುಲೇಟರ್‌ಗೆ ಹೆದರಿದ್ದೆ, ಕಾಟ ಕೊಟ್ಟದ್ದು ಒಂದು ಗುಂಡಿ

ಹವ್ಯಾಸ ಬಿಟ್ಟ ಒಬ್ಬರಿಂದ ನಾನು ಇಡೀ ಸೆಟ್ ತಗೊಂಡಿದ್ದೆ. ರೆಗ್ಯುಲೇಟರ್, ಬಿಸಿಡಿ (ಗಾಳಿ ತುಂಬಿ, ಬಿಟ್ಟು ತೇಲುವುದನ್ನು ಹೊಂದಿಸುವ ಜಾಕೆಟ್), ಡೈವ್ ಕಂಪ್ಯೂಟರ್ (ಆಳ, ಸಮಯ, ದೇಹದ ನೈಟ್ರೋಜನ್ ಲೆಕ್ಕ ಇಡುವ ಯಂತ್ರ), ವೆಟ್‌ಸೂಟ್, ಕಾಲಿಗೆ ಹಾಕುವ ಫಿನ್. ಆಗ ಕೋರ್ಸ್ ಮುಗಿಸಿ ಹೆಚ್ಚು ಸಮಯ ಆಗಿರಲಿಲ್ಲ, ಹೊಸ ಸೆಟ್ಟಿಗೆ ಬೇಕಾದಷ್ಟು ದುಡ್ಡೂ ಇರಲಿಲ್ಲ. ಕೆಲವು ವರ್ಷಗಳಿಂದ ಇದರಲ್ಲೇ ನೀರಿಗೆ ಇಳಿಯುತ್ತಿದ್ದೇನೆ. ಹೊಸಬರು ಹಳೇ ಸಾಮಾನು ಕೊಳ್ಳಬಹುದಾ ಅಂದರೆ, ನನ್ನ ಉತ್ತರ ಒಂದೊಂದು ಸಾಮಾನಿಗೆ ಒಂದೊಂದು ಥರ ಇದೆ.

ಎಲ್ಲರೂ ಹೆದರುವುದು ರೆಗ್ಯುಲೇಟರ್‌ಗೆ. ನೀರಿನೊಳಗೆ ಉಸಿರು ಕೊಡುವ ಯಂತ್ರ, ಅದನ್ನು ಹಳೇದು ತಗೊಳ್ಳೋದಾ ಅಂತ ಮನೆಯವರೂ ಕೇಳಿದ್ದರು. ಆದರೆ ನನಗೆ ಎಲ್ಲಕ್ಕಿಂತ ಕಡಿಮೆ ತೊಂದರೆ ಕೊಟ್ಟದ್ದು ಅದೇ. ಅದರ ಫಸ್ಟ್ ಸ್ಟೇಜ್, ಅಂದರೆ ಸಿಲಿಂಡರಿಗೆ ಕೂರುವ ಭಾಗ, ಹೆಚ್ಚಾಗಿ ಕ್ರೋಮ್ ಬಳಿದ ಹಿತ್ತಾಳೆ. ಸಿಲಿಂಡರಿನ 200 ಬಾರ್ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9-10 ಬಾರ್ ಮೇಲಿರುವಂತೆ ಇಳಿಸಿ ಕೊಡುವುದು ಅದರ ಕೆಲಸ. ಹಿತ್ತಾಳೆ ಅಷ್ಟು ಬೇಗ ಸಾಯುವುದಿಲ್ಲ. ಸಾಯುವುದು ಒಳಗಿನ ಓ-ರಿಂಗ್, ಸೀಟ್, ಡಯಾಫ್ರಮ್. ಕುಕ್ಕರ್ ಇದ್ದ ಹಾಗೆ, ಪಾತ್ರೆ ಅದೇ ಇರುತ್ತದೆ, ಗ್ಯಾಸ್ಕೆಟ್ ಬದಲಾಗುತ್ತಿರುತ್ತದೆ. ಈ ಬಿಡಿಭಾಗಗಳ ಸರ್ವಿಸ್ ಕಿಟ್ ಹಾಕಿಸಿದ ಮೇಲೆ ನನ್ನ ಹಳೇ ರೆಗ್ಯುಲೇಟರ್‌ಗೂ ನನ್ನ ಬಡ್ಡಿಯ (ಜೊತೆಗೆ ಡೈವ್ ಮಾಡುವವರ) ಹೊಚ್ಚ ಹೊಸದಕ್ಕೂ ಉಸಿರಿನಲ್ಲಿ ನನಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ.

ಹಾಗಂತ ಕಣ್ಣು ಮುಚ್ಚಿ ತಗೊಳ್ಳೋ ಹಾಗಿಲ್ಲ. ಸಿಲಿಂಡರಿಗೆ ಕೂರುವ ಜಾಗದಲ್ಲಿ ಒಂದು ಸಣ್ಣ ಲೋಹದ ಫಿಲ್ಟರ್ ಕಾಣುತ್ತದೆ. ಅದು ಬೆಳ್ಳಿ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಒಳ್ಳೆಯದು. ಹಸಿರು ತಿರುಗಿದ್ದರೆ ಉಪ್ಪುನೀರು ಒಳಗೆ ಹೋಗಿದೆ ಅಂತ ಲೆಕ್ಕ. ಕೆಂಪು ಕಂದು ಇದ್ದರೆ ಯಾವುದೋ ಸ್ಟೀಲ್ ಸಿಲಿಂಡರಿನ ತುಕ್ಕು ಬಂದು ಕೂತಿದೆ. ಮಾರುವವರು "ಎರಡೇ ಸಲ ಬಳಸಿದ್ದು ಸಾರ್" ಅನ್ನಲಿ, ಫಿಲ್ಟರ್ ಸುಳ್ಳು ಹೇಳುವುದಿಲ್ಲ. ಆ ಜಾಗದ ಮುಚ್ಚಳ, ಡಸ್ಟ್ ಕ್ಯಾಪ್, ಗಟ್ಟಿಯಾಗಿ ಮುಚ್ಚಿ ಸೆಕೆಂಡ್ ಸ್ಟೇಜ್‌ನಿಂದ, ಅಂದರೆ ಬಾಯಿಗೆ ಇಡುವ ಭಾಗದಿಂದ, ಉಸಿರು ಎಳೆದು ನೋಡಿ. ಗಾಳಿ ಬರಲೇಬಾರದು. ಸ್ವಲ್ಪ ಬಂದರೂ ಎಲ್ಲೋ ಸೋರುತ್ತಿದೆ. ಹೋಸ್ ತುದಿಯ ರಬ್ಬರ್ ತೋಳನ್ನು ಹಿಂದೆ ಸರಿಸಿ ನೋಡಿ. ಬಿರುಕು, ಹಸಿರು ಕಿಲುಬು ಎಲ್ಲ ಅಲ್ಲೇ ಅಡಗಿ ಕೂತಿರುತ್ತದೆ. ಇನ್ನು, ಸಿಲಿಂಡರಿಗೆ ಹಾಕಿ ಉಸಿರಾಡುವಾಗ ಗೇಜಿನ ಮುಳ್ಳು ಪ್ರತಿ ಉಸಿರಿಗೂ ಕುಣಿದರೆ, ಒಂದೋ ವಾಲ್ವ್ ಪೂರ್ತಿ ತೆರೆದಿಲ್ಲ, ಇಲ್ಲವೇ ದಾರಿ ಕಟ್ಟಿಕೊಂಡಿದೆ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು, ಈ ಮಾದರಿಗೆ ಸರ್ವಿಸ್ ಕಿಟ್ ಇನ್ನೂ ಬರುತ್ತಾ ಅಂತ. ಇದನ್ನು ಮಾರುವವರನ್ನು ಕೇಳಿ ಪ್ರಯೋಜನ ಇಲ್ಲ. ಸರ್ವಿಸ್ ಮಾಡುವ ತಂತ್ರಜ್ಞರನ್ನೇ ಕೇಳಬೇಕು. ಹೆಚ್ಚಿನ ಕಂಪನಿಗಳು ಕಿಟ್ ಕೊಡುವುದು ತಮ್ಮ ತರಬೇತಿ ಪಡೆದವರಿಗೆ ಮಾತ್ರ. ಅವರು ತಲೆ ಅಲ್ಲಾಡಿಸಿದರೆ, ಎಷ್ಟೇ ಅಗ್ಗ ಇರಲಿ, ಬಿಟ್ಟುಬಿಡಿ. ಕಿಟ್ ಸಿಗುತ್ತೆ ಅಂದರೂ ಕೇಳಿದ ಬೆಲೆಗೆ ಒಂದು ಪೂರ್ತಿ ಸರ್ವಿಸ್, ಹೊಸ ಹೋಸ್‌ಗಳು, ಹೊಸ ಮೌತ್‌ಪೀಸ್ ಸೇರಿಸಿ ಕೂಡಿ ನೋಡಿ. ಕೆಲವು ಸಲ ಆ ಮೊತ್ತ ಹೊಸ ಸಾದಾ ರೆಗ್ಯುಲೇಟರಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ. ನನಗೆ ಹಾಗಾಗಲಿಲ್ಲ, ಗೆದ್ದೆ.

ಈ ಸೆಟ್ ಬಂದ ಮೇಲೆ ಡೈವ್ ಮುಗಿದ ನಂತರದ ತೊಳೆಯುವ ಕೆಲಸ ನನಗೆ ಡೈವಿನಷ್ಟೇ ಇಷ್ಟ ಆಗಿಬಿಟ್ಟಿದೆ. ಬಾಡಿಗೆ ಸಾಮಾನಾಗಿದ್ದರೆ ತೊಟ್ಟಿಗೆ ಎಸೆದು ಹೋಗಿಬಿಡುತ್ತಿದ್ದೆ. ಈಗ ಮೊದಲು ಡಸ್ಟ್ ಕ್ಯಾಪ್ ಒರೆಸುತ್ತೇನೆ. ಸಿಲಿಂಡರಿನ ಗಾಳಿ ಊದಿಯೂ ಒಣಗಿಸಬಹುದು, ಆದರೆ ಕಿವಿ ಹರಿಯುವ ಆ ಸದ್ದು ಪಕ್ಕದವರಿಗೆ ಆಗಲ್ಲ. ಬಟ್ಟೆ ಸಾಕು. ಕ್ಯಾಪ್ ಕೂರಿಸಿ, ತಿರುಗಿಸಿ, ಇನ್ನೊಮ್ಮೆ ಬಿಗಿ ನೋಡಿ, ಆಮೇಲೆ ಬಕೆಟ್ಟಿನ ಸಿಹಿನೀರಿಗೆ ಇಳಿಬಿಡುತ್ತೇನೆ. ನೆನೆಯುವಾಗ ಸೆಕೆಂಡ್ ಸ್ಟೇಜ್ ಮೇಲಿನ ಪರ್ಜ್ ಬಟನ್ ಮುಟ್ಟಬಾರದು. ಒಳಗೆ ಒತ್ತಡ ಇಲ್ಲದಾಗ ಅದನ್ನು ಒತ್ತಿದರೆ ವಾಲ್ವ್ ತೆರೆದು ನೀರು ಹೋಸಿನೊಳಗೆ ನುಗ್ಗುತ್ತದೆ. ಮಕ್ಕಳಿಗೆ ಆ ಗುಂಡಿ ಕಂಡರೆ ಒತ್ತದೆ ಇರೋಕಾಗಲ್ಲ, ಹಾಗಾಗಿ ಬಕೆಟ್ ಎತ್ತರದಲ್ಲಿ ಇಡುತ್ತೇನೆ. ನೆನೆದ ಮೇಲೆ ಹೋಸ್‌ಗಳನ್ನು ಮಡಚದೆ ದೊಡ್ಡ ಸುತ್ತು ಹಾಕಿ ನೆರಳಲ್ಲಿ ತೂಗುಹಾಕುವುದು. ಬಿಸಿಲಿಗೆ ಹಾಕಿದರೆ ರಬ್ಬರ್ ಬೇಗ ಒಡೆಯುತ್ತದೆ.

ಇಲ್ಲಿವರೆಗೆ ಓದಿ "ಹಾಗಾದರೆ ತಗೋಬಹುದು" ಅಂದುಕೊಂಡಿರಿ ಅಲ್ವಾ? ಈಗ ಬಿಸಿಡಿ ಕಥೆ.

ನೋಡೋಕೆ ಬಿಸಿಡಿ ಚೆನ್ನಾಗೇ ಇತ್ತು. ಬಟ್ಟೆ ಸ್ವಲ್ಪ ಮಾಸಿತ್ತು ಅಷ್ಟೇ. ಪೂರ್ತಿ ಗಾಳಿ ತುಂಬಿ ರಾತ್ರಿಯಿಡೀ ಬಿಟ್ಟಿದ್ದೆ, ಬೆಳಿಗ್ಗೆಯೂ ಗಟ್ಟಿಯಾಗೇ ಇತ್ತು. ಎಲ್ಲರೂ ಹೇಳಿಕೊಡುವ ಪರೀಕ್ಷೆ ಇದು. ಅದರಲ್ಲಿ ಪಾಸು. ಗೋಳು ಇದ್ದದ್ದು ಇನ್‌ಫ್ಲೇಟರಿನಲ್ಲಿ, ಎಡ ಭುಜದಿಂದ ಇಳಿಬಿದ್ದ ಹೋಸಿನ ತುದಿಯ ಆ ಗುಂಡಿಯಲ್ಲಿ. ಗುಂಡಿ ಒತ್ತಿದಾಗ ಗಾಳಿ ಒಳಗೆ ಬರಬೇಕು, ಬಿಟ್ಟಾಗ ನಿಲ್ಲಬೇಕು. ಒಳಗೆ ಒಂದು ಪುಟ್ಟ ವಾಲ್ವ್, ಒಂದು ಸ್ಪ್ರಿಂಗ್, ಒಂದೆರಡು ಓ-ರಿಂಗ್. ಬಿಸಿಡಿಯ ಹೊಟ್ಟೆಯೊಳಗೆ ಪ್ರತಿ ಡೈವಿನಲ್ಲೂ ಸ್ವಲ್ಪ ಸಮುದ್ರದ ನೀರು ಸೇರುತ್ತದೆ. ಒಳಗೂ ತೊಳೆಯದೆ ವರ್ಷಗಟ್ಟಲೆ ಮೂಲೆಯಲ್ಲಿಟ್ಟರೆ ಆ ನೀರು ಒಣಗಿ ಉಪ್ಪಿನ ಹರಳಾಗುತ್ತದೆ. ಆ ಹರಳು ಎಲ್ಲಿ ಹೋಗಿ ಕೂರುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಒಂದು ಸಲ ಸೇಫ್ಟಿ ಸ್ಟಾಪಿನಲ್ಲಿದ್ದೆವು, ಅಂದರೆ ಪೂರ್ತಿ ಮೇಲೆ ಬರುವ ಮೊದಲು ನಿಲ್ಲುವ ಜಾಗದಲ್ಲಿ. 5 ಮೀಟರ್ ಆಳ, 3 ನಿಮಿಷ ನಿಲ್ಲಬೇಕು. ನಾನು ಏನೂ ಮಾಡದೆ ಮೇಲೇಳುತ್ತಿದ್ದೆ. ಉಸಿರು ಪೂರ್ತಿ ಬಿಟ್ಟೆ, ಮತ್ತೂ ಏರಿದೆ. ಭುಜದ ಡಂಪ್ ವಾಲ್ವ್ ಎಳೆದೆ, ಗಾಳಿ ಹೋಯಿತು, ಸ್ವಲ್ಪ ಹೊತ್ತಿಗೆ ಮತ್ತೆ ತುಂಬಿತು. ಗುಂಡಿ ಸಿಕ್ಕಿಕೊಂಡು ಸದ್ದಿಲ್ಲದೆ ಗಾಳಿ ಬಿಡುತ್ತಿತ್ತು. ಇದು ಆಳದಲ್ಲಿ ಆದರೆ ಸ್ವಲ್ಪ ಸಮಯ ಸಿಗುತ್ತದೆ. ಮೇಲೆ ಹಾಗಲ್ಲ. 5 ಮೀಟರ್‌ನಲ್ಲಿ ಒತ್ತಡ 1.5 ಬಾರ್, ಮೇಲ್ಮೈಯಲ್ಲಿ 1 ಬಾರ್. ಅಂದರೆ ಅಷ್ಟು ಚಿಕ್ಕ ದೂರದಲ್ಲೇ ಬಿಸಿಡಿಯ ಗಾಳಿ ಒಂದೂವರೆ ಪಟ್ಟು ಹಿಗ್ಗುತ್ತದೆ. ಏರಿದಷ್ಟೂ ಇನ್ನಷ್ಟು ಏರಿಸುತ್ತದೆ. ಬಡ್ಡಿ ಬಂದು ನನ್ನ ಇನ್‌ಫ್ಲೇಟರಿಗೆ ಬರುವ ಹೋಸಿನ ಕಾಲರ್ ಹಿಂದೆಳೆದು ಕಳಚಿಬಿಟ್ಟರು. ಅಷ್ಟೇ, ನಿಂತಿತು. ಎರಡು ಸೆಕೆಂಡಿನ ಕೆಲಸ.

ಹೆಚ್ಚಿನ ಕೋರ್ಸ್‌ಗಳಲ್ಲಿ ಇದನ್ನು ಹೇಳಿಕೊಟ್ಟೇ ಇರುತ್ತಾರೆ. ಹೋಸ್ ಕಳಚು, ಗಾಳಿ ಬಿಡು, ಬೇಕಾದರೆ ಬಾಯಿಂದ ಊದು. ಆದರೆ ಹೊಸಬರ ತಲೆಯಲ್ಲಿ ಆ ಹೊತ್ತಿಗೆ ಜಾಗ ಎಲ್ಲಿರುತ್ತದೆ? ಆಳ ನೋಡಬೇಕು, ಗೇಜ್ ನೋಡಬೇಕು, ಮಾಸ್ಕಿಗೆ ನೀರು ಬಂದರೆ ತೆಗೆಯಬೇಕು, ಬಡ್ಡಿ ಎಲ್ಲಿ ಅಂತ ಹುಡುಕಬೇಕು. ನನ್ನ ಪ್ರಕಾರ ಹಳೇ ಸಾಮಾನಿನ ನಿಜವಾದ ತೊಂದರೆ ಇದೇ. ಕೆಟ್ಟಿದ್ದನ್ನು ಅನುಭವಸ್ಥರು ಸುಮ್ನೆ ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ. ಹೊಸಬರಿಗೆ ಅದೇ ಸಣ್ಣ ಕೆಡುಕು ಇಡೀ ಡೈವನ್ನೇ ನುಂಗುತ್ತದೆ.

ನನಗೆ ಇನ್ನೂ ಕೋಪ ಇರುವುದು ಬೇರೆ ವಿಷಯಕ್ಕೆ. ಸೆಟ್ ತಂದ ಕೂಡಲೇ ಒಂದು ಕಡೆ ಸರ್ವಿಸ್‌ಗೆ ಕೊಟ್ಟಿದ್ದೆ. ಎಲ್ಲ ಸರಿ ಇದೆ ಅಂತ ಚೀಟಿ ಬರೆದು ಕೊಟ್ಟರು. ಆಮೇಲೆ ವಿಚಾರಿಸಿದರೆ, ಅವರ ಲೆಕ್ಕದಲ್ಲಿ ಸರ್ವಿಸ್ ಅಂದರೆ ರೆಗ್ಯುಲೇಟರ್ ಮಾತ್ರ. ಇನ್‌ಫ್ಲೇಟರ್ ಬಿಸಿಡಿಗೆ ಸೇರಿದ್ದಂತೆ, ಅದನ್ನು ಮುಟ್ಟಿಲ್ಲವಂತೆ. ಹಾಗಾಗಿ ನೀವು ಕೊಡುವಾಗ ಬಾಯಿಬಿಟ್ಟು ಹೇಳಿ: ಇನ್‌ಫ್ಲೇಟರ್ ಬಿಚ್ಚಿ ನೋಡಿ, ಡಂಪ್ ವಾಲ್ವ್‌ಗಳನ್ನೂ ನೋಡಿ. ಕೊಳ್ಳುವ ಮೊದಲು ನೀವೇ ಮಾಡಬಹುದಾದ ಪರೀಕ್ಷೆಯೂ ಇದೆ. ಬಿಸಿಡಿಯನ್ನು ಸಿಲಿಂಡರಿಗೆ ಜೋಡಿಸಿ, ಹೋಸ್ ಹಾಕಿ, ಗುಂಡಿಯನ್ನು ಹತ್ತಾರು ಸಲ ಒತ್ತಿ ಬಿಟ್ಟು, ಪೂರ್ತಿ ಖಾಲಿ ಮಾಡಿ, ಆಮೇಲೆ ಹದಿನೈದು ನಿಮಿಷ ಮುಟ್ಟದೆ ಬಿಡಿ. ತಾನಾಗೇ ಉಬ್ಬಿದರೆ ಆ ಇನ್‌ಫ್ಲೇಟರ್ ನಂಬಬೇಡಿ. ರಾತ್ರಿಯಿಡೀ ಗಾಳಿ ನಿಲ್ಲುತ್ತಾ ಅಂತ ನೋಡುವ ಪರೀಕ್ಷೆ ಸೋರುವುದನ್ನು ಹಿಡಿಯುತ್ತದೆ, ಇದನ್ನು ಹಿಡಿಯುವುದಿಲ್ಲ.

ಈಗ ಇನ್‌ಫ್ಲೇಟರ್ ಪೂರ್ತಿ ಹೊಸದು ಹಾಕಿಸಿದ್ದೇನೆ. ಬಿಸಿಡಿಯ ಬೆಲೆಗೆ ಹೋಲಿಸಿದರೆ ಅದು ಸಣ್ಣ ಖರ್ಚು. ತೊಳೆಯುವಾಗ ಬಾಯಿಯ ಕಡೆಯಿಂದ ಸಿಹಿನೀರು ಸುರಿದು, ಗಾಳಿ ತುಂಬಿ, ಎಲ್ಲ ಕಡೆ ಅಲ್ಲಾಡಿಸಿ, ಕೆಳಗಿನ ಡಂಪ್ ವಾಲ್ವಿನಿಂದ ಬಸಿಯುತ್ತೇನೆ. ಮೊದಲ ಕೆಲವು ಸಲ ಬಂದ ನೀರಿನ ಬಣ್ಣ ನೋಡಿ ಹಿಂದಿನ ಮಾಲೀಕರ ಬಗ್ಗೆ ನನ್ನ ಅಭಿಪ್ರಾಯ ಬದಲಾಯಿತು.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಹೇಳಲೇಬೇಕು. ಬಾಡಿಗೆ ಸಾಮಾನೂ ಸೆಕೆಂಡ್ ಹ್ಯಾಂಡೇ ತಾನೇ? ಅದು ಎಷ್ಟು ಕೈ ದಾಟಿದೆಯೋ ದೇವರೇ ಬಲ್ಲ. ಪ್ರತಿ ಸಲವೂ ಬೇರೆ ಬಿಸಿಡಿ, ಬೇರೆ ಜಾಗದಲ್ಲಿ ಗುಂಡಿ, ಬೇರೆ ತೂಕ. ನನ್ನ ಹಳೇ ಸೆಟ್ಟಿನಲ್ಲಿ ಪ್ರತಿ ಗುಂಡಿ, ಪ್ರತಿ ಕ್ಲಿಪ್ ಎಲ್ಲಿದೆ ಅಂತ ಕೈಗೆ ಗೊತ್ತು. ಮುಳುಗೋಕೆ ಎಷ್ಟು ಸೀಸ ಕಟ್ಟಬೇಕು ಅಂತ ಗೊತ್ತು. ನೀರಿನಲ್ಲಿ ಸಮತೋಲ ಬೇಗ ಬಂದದ್ದು ಅದರಿಂದಲೇ. ಹಾಗಾಗಿ ಇನ್ನೊಮ್ಮೆ ಆಯ್ಕೆ ಕೊಟ್ಟರೂ ಬಾಡಿಗೆಗೆ ವಾಪಸ್ ಹೋಗುವುದಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಸೀಸದ ತೂಕಗಳನ್ನು ಹಳೇದೇ ಕೊಳ್ಳಿ, ಸೀಸ ಕೆಡುವುದಿಲ್ಲ. ಮಾಸ್ಕ್ ಮಾತ್ರ ಹೊಸದು. ನಿಮ್ಮ ಮುಖಕ್ಕೆ ಕೂರಬೇಕು, ಪಟ್ಟಿ ಹಾಕದೆ ಮೂಗಿನಿಂದ ಎಳೆದಾಗ ಅಂಟಿಕೊಳ್ಳಬೇಕು. ಅದನ್ನು ಅಗ್ಗಕ್ಕಾಗಿ ಆರಿಸುವುದಲ್ಲ. ಕಂಪ್ಯೂಟರಿನಲ್ಲಿ ಒಂದು ಮಜಾ ಇದೆ. ಹೆಚ್ಚಿನವುಗಳಲ್ಲಿ ಹಳೇ ಡೈವ್‌ಗಳ ದಾಖಲೆ ಇರುತ್ತದೆ, ಗರಿಷ್ಠ ಆಳವೂ ಇರುತ್ತದೆ. ಮಾರುವವರು ಹೇಳಿದ್ದಕ್ಕೂ ಅದಕ್ಕೂ ತಾಳೆ ನೋಡಿ. ಬ್ಯಾಟರಿ ನೀವೇ ಹಾಕಬಹುದಾ, ಕಂಪನಿಗೆ ಕಳಿಸಬೇಕಾ ಅಂತಲೂ ಕೇಳಿ. ಹಿಂದಿನವರು ನಿನ್ನೆಯೇ ಡೈವ್ ಮಾಡಿದ್ದರೆ ಅವರ ದೇಹದ ನೈಟ್ರೋಜನ್ ಲೆಕ್ಕ ಕಂಪ್ಯೂಟರಿನಲ್ಲಿ ಇನ್ನೂ ಓಡುತ್ತಿರುತ್ತದೆ. ಅದು ಅಳಿಯುವ ತನಕ ಕಾಯಿರಿ.

ವೆಟ್‌ಸೂಟ್ ನನಗೆ ನಷ್ಟ. ನಿಯೋಪ್ರೀನ್ ಒಳಗೆ ಸಣ್ಣ ಗಾಳಿಗುಳ್ಳೆಗಳಿರುತ್ತವೆ, ಬೆಚ್ಚಗಿಡುವುದು ಅವೇ. 30 ಮೀಟರ್‌ನಲ್ಲಿ 4 ಬಾರ್ ಒತ್ತಡ ಅವನ್ನು ಹಿಂಡುತ್ತದೆ. ಹೀಗೆ ಹಿಂಡಿಸಿಕೊಂಡು ಹಿಂಡಿಸಿಕೊಂಡು ಗುಳ್ಳೆಗಳು ಒಡೆಯುತ್ತವೆ. ನನ್ನದು ಹೆಸರಿಗೆ 5 ಮಿಲಿಮೀಟರ್. ಚಳಿಯ ನೀರಿನಲ್ಲಿ ಹಲ್ಲು ಕಡಿದುಕೊಂಡು ಬರುತ್ತೇನೆ. ಸೂಟಿನೊಳಗೆ ಹಿಂದಿನವರು ಏನೇನು ಮಾಡಿದ್ದರು ಅಂತಲೂ ಕೇಳಬೇಡಿ. ತಣ್ಣೀರಿಗಿಳಿದರೆ ಮೂತ್ರ ಜಾಸ್ತಿ ಬರುತ್ತದೆ, ದೇಹದ ಗುಣವೇ ಹಾಗೆ.

ಸಿಲಿಂಡರ್ ಹೊಸಬರಿಗೆ ಬೇಕಾಗಿಲ್ಲ. ಯಾರೋ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದರೆ ಕುತ್ತಿಗೆಯ ಹತ್ತಿರ ಕೆತ್ತಿದ ತಾರೀಖು ಓದಿ. ಹಲವು ದೇಶಗಳಲ್ಲಿ 5 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಲೇಬೇಕು. 1980ರ ದಶಕದ ಕೊನೆಗಿಂತ ಹಳೆಯ ಕೆಲವು ಅಲ್ಯುಮಿನಿಯಂ ಸಿಲಿಂಡರ್‌ಗಳು 6351 ಅನ್ನುವ ಮಿಶ್ರಲೋಹದವು. ಅವುಗಳ ಕುತ್ತಿಗೆಯಲ್ಲಿ ಬಿರುಕು ಬಿಡುವ ಗುಣ ಇದೆ. ಎಷ್ಟೋ ಕಡೆ ಅವಕ್ಕೆ ಗಾಳಿ ತುಂಬುವುದೇ ಇಲ್ಲ.

ಫಿನ್ ಬಗ್ಗೆ ಮಾತ್ರ ನನಗೆ ಒಂದು ದೂರೂ ಇಲ್ಲ. ದಪ್ಪ ಕಪ್ಪು ರಬ್ಬರ್, ನೀರು ಹಾದುಹೋಗಲು ಸೀಳುಗಳಿರುವ ಹಳೇ ಮಾದರಿ. ಈ ವಿನ್ಯಾಸದ ಸ್ಕೂಬಾಪ್ರೋ ಜೆಟ್ ಫಿನ್ 1960ರ ದಶಕದ್ದು, ಇವತ್ತಿಗೂ ಹೊಸದಾಗಿ ಮಾರಾಟವಾಗುತ್ತದೆ. ಅದರಲ್ಲಿ ಕೆಡುವಂಥದ್ದು ಪಟ್ಟಿ ಒಂದೇ. ಅದನ್ನು ತೆಗೆದು ಸ್ಪ್ರಿಂಗ್ ಪಟ್ಟಿ ಹಾಕಿದೆ, ಮುಗಿಯಿತು. ವಿಮಾನದಲ್ಲಿ ಹೊರೆ, ನಿಜ. ಆದರೆ ನನ್ನ ಕಾಲು ಯಾವಾಗಲೂ ಮೇಲಕ್ಕೆ ತೇಲುತ್ತಿತ್ತು. ಇವು ನೀರಿನಲ್ಲಿ ಮುಳುಗುವುದರಿಂದ ಕಾಲು ಜಾಗದಲ್ಲಿ ನಿಂತಿತು. ಇಡೀ ಸೆಟ್ಟಿನಲ್ಲಿ ನಾನು ಕಡಿಮೆ ಬೆಲೆ ಕಟ್ಟಿದ್ದು ಇವಕ್ಕೆ, ಈಗ ಯಾರಿಗೂ ಕೊಡಲ್ಲ ಅನ್ನುವುದೂ ಇವನ್ನೇ.

ಸೂಟು ಈ ಸಲ ಹೊಸದು ತಗೊಳ್ಳುತ್ತೇನೆ. ರೆಗ್ಯುಲೇಟರ್ ಮಾದರಿಯನ್ನು ಕಂಪನಿ ನಿಲ್ಲಿಸಿ ಆಗಿದೆ. ಕಿಟ್ ಸಿಗುವ ತನಕ ಬಳಸುತ್ತೇನೆ. ಕಿಟ್ ನಿಂತರೆ ಅದನ್ನು ಮಾರುವುದಿಲ್ಲ, ಕೊಳ್ಳುವ ಹೊಸಬರಿಗೆ ಸುಮ್ನೆ ತಲೆನೋವು. ಬಿಚ್ಚಿ ಒಳಗೆ ಹೇಗಿದೆ ಅಂತ ನೋಡುವ ಆಸೆ ನನಗೆ ಮೊದಲಿಂದಲೂ ಇದೆ.