ಕ್ರೆಟಾಗೆ 17 ಇಂಚು ಸಾಕು: ದಾವಣಗೆರೆ ರಸ್ತೆಗೆ ಮೂರು ಟೈರ್ ಸೈಜ್‌ಗಳ ವಿಮರ್ಶೆ

ಕಂಪನಿಯಿಂದ 205/65 ಆರ್16 ಟೈರ್‌ನೊಂದಿಗೆ ಬಂದ ಹ್ಯುಂಡೈ ಕ್ರೆಟಾ ಕಾರಿಗೆ ದೊಡ್ಡ ಅಲಾಯ್ ರಿಮ್ (ಟೈರ್ ಕೂರುವ ಲೋಹದ ಚಕ್ರ) ಹಾಕಿಸಬೇಕೆಂದು ಪಿ.ಬಿ. ರಸ್ತೆಯ ಟೈರ್ ಅಂಗಡಿಗೆ ಹೋದರೆ ಮಾತು ಮೂರು ಸೈಜ್‌ಗಳ ಸುತ್ತ ತಿರುಗುತ್ತದೆ: 215/60 ಆರ್17, 225/55 ಆರ್17, 225/50 ಆರ್18. ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಮೊದಲನೆಯದು ಕಣ್ಣುಮುಚ್ಚಿ ಹಾಕಿಸಬಹುದು, ಎರಡನೆಯದು ಪರವಾಗಿಲ್ಲ, ಮೂರನೆಯದು ನಮ್ಮ ಕಡೆಯ ರಸ್ತೆಗಲ್ಲ.

ಲೆಕ್ಕ ಕಷ್ಟದ್ದಲ್ಲ. 205/65 ಆರ್16ರಲ್ಲಿ 205 ಅಂದರೆ ಟೈರಿನ ಅಗಲ ಮಿ.ಮೀ.ನಲ್ಲಿ, 65 ಅಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇ ಎಷ್ಟು ಎಂಬುದು, 16 ಅಂದರೆ ರಿಮ್ಮಿನ ಇಂಚು. ಅಗಲವನ್ನು ಶೇಕಡಾವಾರು ಸಂಖ್ಯೆಯಿಂದ ಗುಣಿಸಿದರೆ ಪಕ್ಕದ ಗೋಡೆಯ ಎತ್ತರ ಸಿಗುತ್ತದೆ. ಅದರ ಎರಡರಷ್ಟಕ್ಕೆ ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿದರೆ ಟೈರಿನ ಪೂರ್ಣ ವ್ಯಾಸ. ಹಳೆಯ 16ರದು ಸುಮಾರು 673 ಮಿ.ಮೀ., ಗೋಡೆ 133. 215/60 ಆರ್17 ಹಾಕಿದರೆ ವ್ಯಾಸ 690, ಗೋಡೆ 129. ಅಂದರೆ ವ್ಯಾಸ ಶೇ 2.5 ಹೆಚ್ಚು, ಗೋಡೆ ಕಳೆದುಕೊಂಡದ್ದು ಬರೀ 4 ಮಿ.ಮೀ., ಗಾಡಿ ನೆಲದಿಂದ 8 ಮಿ.ಮೀ. ಮೇಲೇಳುತ್ತದೆ. ಕ್ರೆಟಾದ ಮೇಲಿನ ಮಾದರಿಗಳಿಗೆ ಕಂಪನಿಯೇ ಕೊಡುವ ಸೈಜ್ ಇದು. ಹಾಗಾಗಿ ಚಕ್ರದ ಗೂಡಿನಲ್ಲಿ ಜಾಗದ ತಕರಾರಿಲ್ಲ, ವಿಮೆಯವರ ಮುಂದೆ ಉತ್ತರ ಕೊಡುವುದೂ ಸುಲಭ. ವೇಗದ ಮೀಟರ್ ಮೊದಲಿಗಿಂತ ಶೇ 2.5ರಷ್ಟು ಕಡಿಮೆ ತೋರಿಸುತ್ತದೆ. ಓಡಿದ ದೂರ ತೋರಿಸುವ ಓಡೊಮೀಟರ್ ಕೂಡ ಅಷ್ಟೇ, ಆದ್ದರಿಂದ ಮೈಲೇಜ್ ಬಿದ್ದುಹೋಯಿತೆಂದು ಗಾಬರಿಯಾಗುವ ಮೊದಲು ಆ ವ್ಯತ್ಯಾಸ ಸೇರಿಸಿ ನೋಡಿ.

225/55 ಆರ್17ರ ವ್ಯಾಸ 679, ಹಳೆಯದಕ್ಕೆ ಇನ್ನೂ ಹತ್ತಿರ. ಹಿಡಿತ ತುಸು ಹೆಚ್ಚು, ಗೋಡೆ 124. ಬೆಂಗಳೂರು ಹೆದ್ದಾರಿಯಲ್ಲೇ ಹೆಚ್ಚು ಓಡುವವರು ಯೋಚಿಸಬಹುದು.

ಆರ್18ರ ವಿಷಯದಲ್ಲೇ ಜನ ಮೋಸಹೋಗುವುದು. ಇದರ ವ್ಯಾಸ 682, ವ್ಯತ್ಯಾಸ ಶೇ 1.4 ಮಾತ್ರ. 'ಲೆಕ್ಕ ಸರಿಯಾಗಿದೆಯಲ್ಲ' ಅನ್ನುತ್ತಾರೆ. ವ್ಯಾಸ ಸರಿಯೇ, ಆದರೆ ಗೋಡೆ 112ಕ್ಕೆ ಇಳಿದಿದೆ. ಎರಡು ಸೆಂಟಿಮೀಟರ್ ರಬ್ಬರ್ ಹೋಗಿ ಆ ಜಾಗಕ್ಕೆ ಲೋಹ ಬಂದಿದೆ. ಭೀಮಸಮುದ್ರದ ಕಡೆ ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲೋ ಜಗಳೂರು ದಾರಿಯಲ್ಲೋ ಚೂಪು ಅಂಚಿನ ಗುಂಡಿಗೆ 60ರ ವೇಗದಲ್ಲಿ ಬಿದ್ದರೆ ಗೋಡೆ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಜಜ್ಜಿ ಒಳಗಿನ ದಾರ ಹರಿಯುತ್ತದೆ. ಮರುದಿನ ಪಕ್ಕದಲ್ಲಿ ಗುಳ್ಳೆ. ಅದಕ್ಕೆ ಪಂಕ್ಚರ್ ಪ್ಯಾಚ್ ಇಲ್ಲ, ಟೈರ್ ಬಿಸಾಡುವುದೇ. ಜೊತೆಗೆ ರಿಮ್ಮಿನ ಅಂಚೂ ಬಾಗಬಹುದು.

ಟೈರ್‌ಗಿಂತ ಹೆಚ್ಚು ಎಡವಟ್ಟಾಗುವುದು ರಿಮ್ಮಿನಲ್ಲಿ. ಕ್ರೆಟಾಗೆ ಬೇಕಾದದ್ದು 5×114.3 ಬೋಲ್ಟ್ ವೃತ್ತ (114.3 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ಬೋಲ್ಟ್), ನಡುವಿನ ರಂಧ್ರ 67.1 ಮಿ.ಮೀ. ಹೊರಗಿನ ಅಲಾಯ್‌ಗಳಲ್ಲಿ ಎಷ್ಟೋ 73.1ರ ರಂಧ್ರದವು. 73.1ರಿಂದ 67.1ಕ್ಕೆ ಇಳಿಸುವ ಹಬ್ ರಿಂಗ್ ಇಲ್ಲದೆ ಕೂರಿಸಿದರೆ ಚಕ್ರ ನಡುವಿಗೆ ಕೂರದೆ, ಎಷ್ಟು ಬ್ಯಾಲೆನ್ಸಿಂಗ್ ಮಾಡಿದರೂ 80 ದಾಟಿದಾಗ ಸ್ಟೀರಿಂಗ್ ನಡುಗಬಹುದು. ನಾಲ್ಕು ರಿಂಗ್‌ಗಳನ್ನು ಕೇಳಿ ಹಾಕಿಸಿಕೊಳ್ಳಿ. ರಿಮ್ಮಿನ ಅಗಲ 6.5 ಅಥವಾ 7 ಜೆ (ಇಂಚು) ಸಾಕು. ಹಳೆಯ ರಿಮ್ಮಿನ ಹಿಂಬದಿಯಲ್ಲಿ 'ಇಟಿ' ಎಂದು ಕೆತ್ತಿದ ಆಫ್‌ಸೆಟ್ ಸಂಖ್ಯೆಯನ್ನು ಓದಿಕೊಂಡು ಹೊಸದನ್ನು ಅದರ ಹತ್ತಿರವೇ ಇಡಿ. ಇಟಿ 10 ಇಳಿದರೆ ಚಕ್ರ 10 ಮಿ.ಮೀ. ಹೊರಬರುತ್ತದೆ, ನೋಡಲು ಗತ್ತು, ಆದರೆ ಬೇರಿಂಗ್ ಮೇಲೆ ಭಾರ, ಬಾಗಿಲ ತುಂಬ ಕೆಸರು.

ಟೈರ್ ಹೊರಬಲ್ಲ ಭಾರದ ಸಂಕೇತವಾದ ಲೋಡ್ ಇಂಡೆಕ್ಸ್ 95ಕ್ಕಿಂತ, ಅಂದರೆ ಟೈರಿಗೆ 690 ಕೆ.ಜಿ.ಗಿಂತ, ಕೆಳಗಿಳಿಯಬಾರದು. ಟೈರಿನ ಪಕ್ಕದಲ್ಲಿರುವ ತಯಾರಿಕೆ ದಿನಾಂಕದ ನಾಲ್ಕಂಕಿ ನೋಡಿ: 2325 ಅಂದರೆ 2025ರ 23ನೇ ವಾರ. ನಾಲ್ಕೂ ಟೈರ್‌ಗಳ ದಿನಾಂಕ ಹತ್ತಿರ ಹತ್ತಿರ ಇರಲಿ.

ಅಂಗಡಿಯ ಕೆಲಸವನ್ನು ಅಳೆಯಲು ನಟ್ ಬಿಗಿಯುವುದನ್ನು ನೋಡಿದರೆ ಸಾಕು. ಗನ್‌ನಿಂದ ಕೊನೆಯವರೆಗೂ 'ಟರ್‍ರ್' ಎನಿಸಿ ಕೈಬಿಟ್ಟರೆ ಅದು ಒಳ್ಳೆಯ ಸೇವೆಯಲ್ಲ. ಕೈಯಿಂದ ಹಿಡಿಸಿ, ನಕ್ಷತ್ರದ ಕ್ರಮದಲ್ಲಿ, ಕೊನೆಗೆ ಟಾರ್ಕ್ ವ್ರೆಂಚ್‌ನಲ್ಲಿ 11ರಿಂದ 13 ಕೆ.ಜಿ.-ಮೀಟರ್‌ಗೆ ಬಿಗಿಯಬೇಕು. ಚಿತ್ರದುರ್ಗಕ್ಕೆ ಹೋಗಿಬರುವಷ್ಟು ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಬಿಲ್ ಕೊಡುವ ಮೊದಲು ಹಿಂದೆ ಮೂವರನ್ನು ಕೂರಿಸಿ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ರಿವರ್ಸ್‌ನಲ್ಲೂ ಸಹ. ಟೈರ್ ಎಲ್ಲೂ ಗೂಡಿಗೆ ಉಜ್ಜಬಾರದು. ಒಣ ನೆಲದಲ್ಲಿ ಟೈರಿಗೂ ಗೂಡಿಗೂ ನಡುವೆ ಬೆರಳು ತೂರುವಷ್ಟು ಜಾಗವಿದ್ದರೆ ಸಾಲದು. ಮಳೆಗಾಲದಲ್ಲಿ ಎರೆ ಹೊಲದ ದಾರಿ ಹಿಡಿದರೆ ಆ ಮಣ್ಣು ಗೂಡಿನೊಳಗೆ ಮೆತ್ತಿ, ಟೈರಿಗೆ ಉಜ್ಜಿ, ಗೂಡಿನ ಒಳಹೊದಿಕೆಯಾದ ಲೈನರ್ ಕಿತ್ತುಹಾಕುತ್ತದೆ.

ಸ್ಟೆಪ್ನಿ ಹಳೆಯ 16ರದೇ ಇರಲಿ, ತೊಂದರೆಯಿಲ್ಲ, ಆದರೆ ಅದನ್ನು ಹಿಂದಿನ ಚಕ್ರಕ್ಕೇ ಹಾಕಬೇಕು. ಮುಂದಿನ ಟೈರ್ ಪಂಕ್ಚರ್ ಆದರೆ ಹಿಂದಿನದೊಂದನ್ನು ಮುಂದಕ್ಕೆ ತಂದು, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿ. ಕ್ರೆಟಾ ಮುಂದಿನ ಚಕ್ರದಿಂದ ಎಳೆಯುವ ಗಾಡಿ. ಎರಡು ಬದಿಯ ವ್ಯಾಸ ಬೇರೆಯಾದರೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ದಾರಿಯುದ್ದಕ್ಕೂ ಸವೆಯುತ್ತದೆ. ಹೊಸ ಅಲಾಯ್‌ನ ನಟ್ ಬೇರೆ ಆಕಾರದ್ದಾಗಿದ್ದರೆ ಸ್ಟೆಪ್ನಿಯ ಹಳೆಯ ನಟ್ ಐದನ್ನು ಡಿಕ್ಕಿಯಲ್ಲೇ ಇಟ್ಟುಕೊಳ್ಳಿ.